ಎರಡು ವೋಲ್ಟ್ ಎಲ್ಲಿ ಹೋಯಿತು?



ಕೆಲವು ವಾರಗಳಿಂದ ಈ ಪುಟದಲ್ಲಿ ಏನನ್ನೂ ಬರೆದಿಲ್ಲವೇಕೆಂದು ನಿಮ್ಮಲ್ಲಿ ಇಬ್ಬರು ಮೂವರು ವಿಚಾರಿಸಿದಿರಿ. ಆರೋಗ್ಯಕ್ಕೆ ಏನೂ ಆಗಿಲ್ಲ. ಒಂದು ಗಿಟಾರಿನ ಸಹವಾಸಕ್ಕೆ ಸಿಕ್ಕಿಕೊಂಡಿದ್ದೆ, ಅಷ್ಟೆ. ಎಪ್ಪತ್ತೈದರ ವಯಸ್ಸಿನಲ್ಲಿ ಮೇಷ್ಟರಿಗೆ ಗಿಟಾರಿನ ಹುಚ್ಚೇ ಎಂದು ಹುಬ್ಬೇರಿಸಬೇಡಿ. ಅದನ್ನು ನುಡಿಸುವವನು ನನ್ನ ಮಗಳ ಮಗ. ನಾನು ಮಾಡಿದ್ದು ಅದರ ದನಿಯನ್ನು ಸ್ಪೀಕರಿನವರೆಗೆ ಕೊಂಡೊಯ್ಯುವ ಸಣ್ಣದೊಂದು ಪೆಟ್ಟಿಗೆಯನ್ನು ಮಾತ್ರ. ಪ್ರಿಯಾಂಪ್ ಎಂದು ಅದಕ್ಕೆ ಹೆಸರು. ಮಾಡಿದ ಪೆಟ್ಟಿಗೆ ಕೆಲಸ ಮಾಡಲಿಲ್ಲ. ಅದರಲ್ಲಿದ್ದ ದೋಷವನ್ನು ಹುಡುಕುತ್ತ ಹೋದವನಿಗೆ, 1984ರಲ್ಲಿ ನಾನು ತರಗತಿಯಲ್ಲಿ ಮಾಡಿದ ಒಂದು ತಪ್ಪು ಕಣ್ಣಿಗೆ ಬಿತ್ತು. ಆ ತಪ್ಪನ್ನು ಒಪ್ಪಿಕೊಳ್ಳುವುದಕ್ಕೂ, ಅದರಿಂದ ನನಗೆ ತೋಚಿದ ಒಂದು ಅಭಿಪ್ರಾಯವನ್ನು ನಿಮ್ಮ ಮುಂದೆ ಇಡುವುದಕ್ಕೂ ಇಂದು ಬರೆಯಲು ಕುಳಿತಿದ್ದೇನೆ.

ಮೊಮ್ಮಗನ ಗಿಟಾರು ಮರದ ಹೊಟ್ಟೆಯ ಸಾದಾ ಗಿಟಾರು. ಅದರಲ್ಲಿ ವಿದ್ಯುತ್ತಿನ ಏರ್ಪಾಡು ಯಾವುದೂ ಇಲ್ಲ. ಕಾಲೇಜಿನ ಕಾರ್ಯಕ್ರಮದಲ್ಲಿ ನುಡಿಸಬೇಕು, ಹಿಂದಿನ ಸಾಲಿನವರಿಗೂ ಕೇಳಿಸಬೇಕು ಎಂದ. ಅಂಗಡಿಯಿಂದ ಸಿದ್ಧವಾದದ್ದನ್ನು ತರಿಸುವ ಯೋಚನೆಯಲ್ಲಿದ್ದವನನ್ನು ತಡೆದು, "ಇರಪ್ಪಾ, ನಾನೇ ಮಾಡಿಕೊಡುತ್ತೇನೆ" ಎಂದು ಹೇಳಿಬಿಟ್ಟೆ. ಮಗಳು ಅಡುಗೆಮನೆಯಿಂದಲೇ, "ಯಾಕಪ್ಪಾ ಈ ಕಣ್ಣಿಟ್ಟುಕೊಂಡು ಕಷ್ಟಪಡುತ್ತೀಯ?" ಎಂದಳು. ಮಾತು ಆಗಲೇ ಬಾಯಿಂದ ಹೊರಟಿತ್ತು.

ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಬೇಕಾದದ್ದನ್ನು ತಂದೆ. ಮೊದಲನೆಯದು ಪೀಜೋ ಬಿಲ್ಲೆ. ರೂಪಾಯಿ ನಾಣ್ಯದಷ್ಟು ಅಗಲದ ಹಿತ್ತಾಳೆಯ ತಗಡು, ಅದರ ಮೇಲೆ ಬಿಳಿಯ ಪಿಂಗಾಣಿಯಂಥ ಲೇಪ. ಅದನ್ನು ಒತ್ತಿದರೆ, ಅದುರಿಸಿದರೆ, ವಿದ್ಯುತ್ತು ಹುಟ್ಟುತ್ತದೆ. ಕೆಲವು ಹರಳುಗಳಿಗೆ ಈ ಗುಣವಿರುವುದನ್ನು ಜಾಕ್ ಕ್ಯೂರಿ ಮತ್ತು ಪಿಯರಿ ಕ್ಯೂರಿ ಎಂಬ ಸಹೋದರರು 1880ರಲ್ಲಿ ಕಂಡುಹಿಡಿದರು. ಬಿಲ್ಲೆಯನ್ನು ಗಿಟಾರಿನ ಹೊಟ್ಟೆಯ ಒಳಮೈಗೆ, ತಂತಿಗಳ ಕುದುರೆಯ ಕೆಳಗೆ ಅಂಟಿಸಿದರೆ ಮರದ ಕಂಪನವೆಲ್ಲ ವಿದ್ಯುತ್ತಾಗುತ್ತದೆ. ಹಾಗೆ ಅಂಟಿಸಿ, ಮನೆಯಲ್ಲಿದ್ದ ಹಳೆಯ ಆಂಪ್ಲಿಫೈಯರಿಗೆ ನೇರವಾಗಿ ಜೋಡಿಸಿ ನೋಡಿದೆವು. ದನಿ ಬಂತು. ಆದರೆ ಗಿಟಾರಿನ ದನಿ ಬರಲಿಲ್ಲ. ತಗಡಿನ ಡಬ್ಬದ ಮೇಲೆ ಉಗುರಿನಿಂದ ಬಾರಿಸಿದಂಥ ದನಿ ಬಂತು.

ಇದಕ್ಕೆ ಕಾರಣ ನನಗೆ ಗೊತ್ತಿತ್ತು. ಈ ಬಿಲ್ಲೆ ತನ್ನಷ್ಟಕ್ಕೆ ಒಂದು ಕೆಪಾಸಿಟರ್ ಇದ್ದಂತೆ. ನಾನು ತಂದ ಬಿಲ್ಲೆಯ ಧಾರಕತೆ ಮೀಟರಿನಲ್ಲಿ ಸುಮಾರು 20 ನ್ಯಾನೊಫ್ಯಾರಡ್ ತೋರಿಸಿತು. ಆಂಪ್ಲಿಫೈಯರಿನ ಬಾಯಿಯ ರೋಧ 10 ಕಿಲೋ ಓಮ್. ಮಂದ್ರಸ್ವರದ ಕಂಪನ ನಿಧಾನವಾಗಿ ಏರಿ ನಿಧಾನವಾಗಿ ಇಳಿಯುತ್ತದೆ. ಒಂದು ಅಲೆ ಪೂರ್ತಿಯಾಗುವ ಮೊದಲೇ ಬಿಲ್ಲೆಯಲ್ಲಿ ಹುಟ್ಟಿದ ಆವೇಶ ಅಷ್ಟು ಕಡಿಮೆ ರೋಧದ ಮೂಲಕ ಸೋರಿಹೋಗುತ್ತದೆ. ಲೆಕ್ಕ ಹಾಕಿದರೆ, ಸೆಕೆಂಡಿಗೆ ಸುಮಾರು 800 ಕಂಪನಗಳಿಗಿಂತ ಕೆಳಗಿನ ಸ್ವರಗಳೆಲ್ಲ ಕ್ಷೀಣಿಸುತ್ತವೆ. ಗಿಟಾರಿನ ಅತ್ಯಂತ ದಪ್ಪ ತಂತಿಯ ಮೂಲಸ್ವರ ಸುಮಾರು 82, ಅತ್ಯಂತ ತೆಳುವಾದದ್ದರದು ಸುಮಾರು 330. ಅಂದರೆ ಬೆರಳಿನಿಂದ ಒತ್ತದೆ ಬಿಟ್ಟ ಆರೂ ತಂತಿಗಳ ಮೂಲಸ್ವರಗಳು ಆ ಗಡಿಯ ಕೆಳಗೇ ಇವೆ. ದಪ್ಪ ತಂತಿಯ ಮೂಲಸ್ವರವಂತೂ ಹತ್ತರಲ್ಲಿ ಒಂದು ಪಾಲಿಗೆ ಇಳಿದುಬಿಡುತ್ತದೆ. ನಡುವೆ 10 ಲಕ್ಷ ಓಮ್, ಅಂದರೆ 1 ಮೆಗಾ ಓಮ್ ರೋಧದ ಬಾಯಿಯುಳ್ಳ ಒಂದು ಮಂಡಲವಿದ್ದರೆ ಆ ಗಡಿ 8ಕ್ಕೆ ಇಳಿಯುತ್ತದೆ, ಎಲ್ಲ ಸ್ವರಗಳೂ ಉಳಿಯುತ್ತವೆ. ಪ್ರಿಯಾಂಪಿನ ಮುಖ್ಯ ಕೆಲಸ ಇದೇ. ದನಿಯನ್ನು ದೊಡ್ಡದು ಮಾಡುವುದು ಆಮೇಲಿನ ಮಾತು.

ಮಂಡಲ ಸರಳವಾದದ್ದು. ಟಿಎಲ್ 072 ಎಂಬ ಎಂಟು ಕಾಲಿನ ಐಸಿ, 9 ವೋಲ್ಟಿನ ಒಂದು ಬ್ಯಾಟರಿ, ಕೈಬೆರಳುಗಳಲ್ಲಿ ಎಣಿಸಬಹುದಾದಷ್ಟು ರೆಸಿಸ್ಟರುಗಳು ಮತ್ತು ಕೆಪಾಸಿಟರುಗಳು. ಬ್ಯಾಟರಿಯ ವೋಲ್ಟೇಜನ್ನು ಎರಡು ಸಮನಾದ ರೆಸಿಸ್ಟರುಗಳಿಂದ ಅರ್ಧ ಮಾಡಿ, ಆ ನಾಲ್ಕೂವರೆ ವೋಲ್ಟನ್ನು 1 ಮೆಗಾ ಓಮ್ ರೆಸಿಸ್ಟರಿನ ಮೂಲಕ ಐಸಿಯ ಮೂರನೆಯ ಕಾಲಿಗೆ ಕೊಡಬೇಕು. ಎರಡನೆಯ ಕಾಲಿಗೆ ಸೇರುವ 100 ಕಿಲೋ ಓಮ್ ಮತ್ತು 10 ಕಿಲೋ ಓಮ್ ರೆಸಿಸ್ಟರುಗಳು ದನಿ ಎಷ್ಟು ಪಟ್ಟು ಹಿಗ್ಗಬೇಕೆಂಬುದನ್ನು ನಿರ್ಧರಿಸುತ್ತವೆ. ನೂರನ್ನು ಹತ್ತರಿಂದ ಭಾಗಿಸಿ ಒಂದನ್ನು ಕೂಡಿಸಿದರೆ ಹನ್ನೊಂದು, ಹನ್ನೊಂದು ಪಟ್ಟು. ಎರಡು ಸಂಜೆ ಕುಳಿತು ಬೆಸುಗೆ ಹಾಕಿದೆ. ಮೊಮ್ಮಗ ಟಾರ್ಚ್ ಹಿಡಿದು ನಿಂತಿದ್ದ.

ಜೋಡಿಸಿ ನುಡಿಸಿದಾಗ ಅದೇ ತಗಡಿನ ಡಬ್ಬ.

"ತಾತ, ಇದು ಮೊದಲಿನ ಹಾಗೇ ಇದೆಯಲ್ಲಾ" ಎಂದ ಮೊಮ್ಮಗ. ನನಗೆ ಸಿಟ್ಟು ಬಂತು. ಮಲ್ಟಿಮೀಟರ್ ಹಿಡಿದು ಒಂದೊಂದೇ ಕಾಲನ್ನು ಪರೀಕ್ಷಿಸಿದೆ. ಎಂಟನೆಯ ಕಾಲಿನಲ್ಲಿ 9 ವೋಲ್ಟ್. ನಾಲ್ಕರಲ್ಲಿ ಸೊನ್ನೆ. ಅರ್ಧ ಮಾಡಿದ ಜಾಗದಲ್ಲಿ ನಾಲ್ಕೂವರೆ. ಮೂರನೆಯ ಕಾಲಿನಲ್ಲಿ ನಾಲ್ಕೂವರೆ. ಹೊರಬರುವ ಒಂದನೆಯ ಕಾಲಿನಲ್ಲೂ ನಾಲ್ಕೂವರೆ. ಪುಸ್ತಕದಲ್ಲಿ ಹೇಗಿರಬೇಕೋ ಹಾಗೆಯೇ. "ಎಲ್ಲ ಸರಿಯಾಗಿದೆಯಪ್ಪ, ನಿನ್ನ ಬಿಲ್ಲೆಯೇ ಸರಿಯಿಲ್ಲ" ಎಂದು ತೀರ್ಪು ಕೊಟ್ಟೆ. ಬಿಲ್ಲೆಯನ್ನು ಬದಲಾಯಿಸಿದೆವು. ತಂತಿಯನ್ನು ಬದಲಾಯಿಸಿದೆವು. ಐಸಿಯನ್ನೂ ಬದಲಾಯಿಸಿದೆವು. ಮೂರು ದಿನ ಹೀಗೆ ಕಳೆಯಿತು. ನನ್ನ ಅಳತೆ ಸರಿಯಾಗಿರುವಾಗ ನನ್ನ ಕೆಲಸ ತಪ್ಪಾಗಿರಲು ಸಾಧ್ಯವೇ ಇಲ್ಲವೆಂಬುದು ನನ್ನ ವಾದವಾಗಿತ್ತು.

ಮೂರನೆಯ ರಾತ್ರಿ ನಿದ್ದೆ ಬರಲಿಲ್ಲ. ಮೊಮ್ಮಗನ ಮಾತೇ ಕಿವಿಯಲ್ಲಿತ್ತು. ಮೊದಲಿನ ಹಾಗೇ ಇದೆ. ಕೆಟ್ಟಿದೆ ಎಂದಿರಲಿಲ್ಲ ಅವನು. ಮೊದಲಿನ ಹಾಗೇ ಇರಬೇಕಾದರೆ ಬಿಲ್ಲೆಗೆ ಈಗಲೂ 10 ಕಿಲೋ ಓಮಿನ ಬಾಯಿಯೇ ಎದುರಾಗುತ್ತಿರಬೇಕು. ದನಿಯೂ ಹೆಚ್ಚು ಹಿಗ್ಗುತ್ತಿಲ್ಲ. ಎದ್ದು ದೀಪ ಹಾಕಿ, ಭೂತಗನ್ನಡಿ ಹಿಡಿದು, ರೆಸಿಸ್ಟರುಗಳ ಬಣ್ಣದ ಪಟ್ಟಿಗಳನ್ನು ಓದಿದೆ. ಮೂರನೆಯ ಕಾಲಿನಲ್ಲಿ ಕಂದು, ಕಪ್ಪು, ಹಸಿರು ಇರಬೇಕಾದಲ್ಲಿ ಕಂದು, ಕಪ್ಪು, ಕಿತ್ತಳೆ ಇತ್ತು. ಪಕ್ಕದ ಎರಡನೆಯ ಕಾಲಿನಲ್ಲಿ ಕಿತ್ತಳೆ ಇರಬೇಕಾದಲ್ಲಿ ಹಸಿರು ಇತ್ತು. ಎರಡನ್ನೂ ಅದಲುಬದಲು ಮಾಡಿ ಬೆಸೆದಿದ್ದೆ. ಒಂದೇ ತಪ್ಪಿನಿಂದ ಬಾಯಿಯ ರೋಧ 1 ಮೆಗಾ ಓಮಿನಿಂದ 10 ಕಿಲೋ ಓಮಿಗೆ ಇಳಿದಿತ್ತು. ಹನ್ನೊಂದು ಪಟ್ಟು ಹಿಗ್ಗಬೇಕಾದ ದನಿ 1.1 ಪಟ್ಟಿಗೆ ನಿಂತಿತ್ತು. ನಾನು ಮಾಡಿದ ಪೆಟ್ಟಿಗೆ ಇದ್ದೂ ಇಲ್ಲದಂತಿತ್ತು.

ಬೆಳಗಾಗುತ್ತಲೇ ಎರಡನ್ನೂ ಕಳಚಿ ಸರಿಯಾಗಿ ಬೆಸೆದೆ. ಮೊಮ್ಮಗ ದಪ್ಪ ತಂತಿಯನ್ನು ಮೀಟಿದ. ಇಡೀ ಕೋಣೆ ತುಂಬುವಂಥ ಮಂದ್ರಸ್ವರ ಹೊರಟಿತು. ಜೊತೆಗೆ ಗುಂಯ್ ಎಂಬ ಸದ್ದೂ ಬಂತು. ಬಾಯಿಯ ರೋಧ ಹೆಚ್ಚಾದ ಕೂಡಲೇ ಗೋಡೆಯೊಳಗಿನ ವಿದ್ಯುತ್ ತಂತಿಗಳ 50 ಹರ್ಟ್ಸ್ ಗುಂಜನವನ್ನೂ ಅದು ಹಿಡಿಯತೊಡಗಿತ್ತು. ಮಂಡಲವನ್ನು ಕಾಫಿಪುಡಿಯ ತಗಡಿನ ಡಬ್ಬದೊಳಗಿಟ್ಟು, ಒಳಮೈಯನ್ನು ಒಂದು ಕಡೆ ಹೆರೆದು, ಬ್ಯಾಟರಿಯ ಋಣ ತುದಿಯನ್ನು ಅಲ್ಲಿಗೆ ಬೆಸೆದೆ. ಬಿಲ್ಲೆಯ ತಂತಿಯನ್ನೂ ಹೊರಹೆಣಿಗೆಯುಳ್ಳ ತಂತಿಗೆ ಬದಲಾಯಿಸಿದೆ. ಸದ್ದು ಅಡಗಿತು. ರಭಸದಿಂದ ಬಾರಿಸಿದಾಗ ದನಿ ಒಡೆಯುತ್ತಿತ್ತು. 100 ಕಿಲೋ ಓಮನ್ನು 33ಕ್ಕೆ ಇಳಿಸಿ, ಹನ್ನೊಂದು ಪಟ್ಟನ್ನು ನಾಲ್ಕು ಪಟ್ಟಿನ ಆಸುಪಾಸಿಗೆ ತಂದ ಮೇಲೆ ಅದೂ ನಿಂತಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಸಮಾಧಾನಕ್ಕೆಂದು ಮತ್ತೊಮ್ಮೆ ಮೀಟರ್ ಹಿಡಿದು ಎಲ್ಲ ಕಾಲುಗಳನ್ನೂ ಅಳೆದೆ. ಮೂರನೆಯ ಕಾಲಿನಲ್ಲಿ ಈಗ ನಾಲ್ಕೂವರೆ ಇರಲಿಲ್ಲ, 4.1 ಇತ್ತು! ಮಂಡಲ ತಪ್ಪಾಗಿದ್ದಾಗ ಅಳತೆ ಸರಿಯಾಗಿತ್ತು. ಮಂಡಲ ಸರಿಯಾದ ಮೇಲೆ ಅಳತೆ ತಪ್ಪಾಗಿತ್ತು. ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು ಕುಳಿತೆ. ಆಮೇಲೆ ಹೊಳೆಯಿತು. ನನ್ನ ಮಲ್ಟಿಮೀಟರಿಗೂ ಒಂದು ರೋಧವಿದೆ, 10 ಮೆಗಾ ಓಮ್. ಮೂರನೆಯ ಕಾಲಿಗೆ ಅದನ್ನು ತಾಗಿಸಿದ ಕ್ಷಣ ಅದೂ ಮಂಡಲದ ಒಂದು ಭಾಗವಾಗುತ್ತದೆ. 1 ಮೆಗಾ ಓಮಿನ ಮೂಲಕ ಬರುವ ನಾಲ್ಕೂವರೆ ವೋಲ್ಟಿನಲ್ಲಿ ಹನ್ನೊಂದರಲ್ಲಿ ಒಂದು ಪಾಲು ಆ ರೆಸಿಸ್ಟರಿನಲ್ಲೇ ಉಳಿದು, ಹತ್ತು ಪಾಲು ಮಾತ್ರ ಮೀಟರಿನಲ್ಲಿ ಕಾಣುತ್ತದೆ. ಅದೇ 4.1. ಮೊದಲ ದಿನ ಕಂಡ ಅಚ್ಚುಕಟ್ಟಾದ ನಾಲ್ಕೂವರೆಯೇ ದೋಷದ ಕುರುಹಾಗಿತ್ತು. ಪುಸ್ತಕದಂತಿದೆಯೆಂದು ಅದನ್ನು ನಂಬಿ ಮೂರು ದಿನ ಕಳೆದುಕೊಂಡೆ.

ಹೀಗೆ ಯೋಚಿಸುತ್ತ ಕುಳಿತಿದ್ದಾಗಲೇ 1984ರ ಆ ಹುಡುಗ ನೆನಪಾದ.

ಆಗ ನಮ್ಮ ಶಾಲೆಯ ಪ್ರಯೋಗಶಾಲೆಯೆಂದರೆ ಒಂದು ಬೀರು ಮತ್ತು ಎರಡು ಮೇಜು. ರೋಧದ ಸುರುಳಿಗಳು ಹಾಳಾಗಿದ್ದುದರಿಂದ ರೇಡಿಯೊ ರಿಪೇರಿಯವರಿಂದ 10 ಕಿಲೋ ಓಮಿನ ಎರಡು ರೆಸಿಸ್ಟರುಗಳನ್ನು ತಂದಿದ್ದೆ. ನಾಲ್ಕು ಸೆಲ್‌ಗಳಿಂದ 6 ವೋಲ್ಟ್. ಎರಡು ರೆಸಿಸ್ಟರುಗಳನ್ನು ಸರಣಿಯಲ್ಲಿ ಜೋಡಿಸಿ, ಒಂದೊಂದರ ಎರಡು ತುದಿಗಳ ನಡುವಣ ವೋಲ್ಟೇಜನ್ನು ಅಳೆಯಬೇಕು. ಸಮ ರೋಧಗಳಾದ್ದರಿಂದ 3 ಮತ್ತು 3, ಕೂಡಿದರೆ 6. ಹತ್ತನೆಯ ತರಗತಿಯವರು ನಾಲ್ವರು ನಾಲ್ವರಾಗಿ ಬಂದು ಅಳೆದು ದಾಖಲೆ ಪುಸ್ತಕದಲ್ಲಿ ಬರೆದರು. ಎಲ್ಲರೂ 3, 3 ಎಂದು ಬರೆದರು. ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ ಒಬ್ಬ ಹುಡುಗ ಮಾತ್ರ 2, 2 ಎಂದು ಬರೆದ.

"ಸರಿಯಾಗಿ ನೋಡೋ" ಎಂದೆ.

"ನೋಡ್ದೆ ಸಾರ್. ಮುಳ್ಳು ಎರಡ್ರಲ್ಲೇ ನಿಲ್ತದೆ ಸಾರ್. ಎರಡೂ ಎರಡೂ ನಾಕಾಯ್ತು. ಇನ್ನೆರಡು ವೋಲ್ಟ್ ಎಲ್ಲಿ ಹೋಯ್ತು ಸಾರ್?"

ತರಗತಿ ನಕ್ಕಿತು. ನಾನೂ ನಕ್ಕೆ. "ನೀನೇ ತಿಂದಿರಬೇಕು" ಎಂದೆ. ಅವನ ಪುಸ್ತಕದಲ್ಲಿ ಕೆಂಪು ಶಾಯಿಯಿಂದ 'ಅಳತೆ ತಪ್ಪು' ಎಂದು ಬರೆದು ಹತ್ತಕ್ಕೆ ನಾಲ್ಕು ಅಂಕ ಕೊಟ್ಟೆ. ಮತ್ತೆ ಅವನು ನನ್ನನ್ನು ಪ್ರಶ್ನೆ ಕೇಳಿದ ನೆನಪಿಲ್ಲ.

ಈಗ ಲೆಕ್ಕ ಹಾಕಿ ನೋಡಿದೆ. ಆ ವೋಲ್ಟ್‌ಮೀಟರಿನ ಮುಖದ ಮೇಲೆ ಸಣ್ಣ ಅಕ್ಷರಗಳಲ್ಲಿ, ಒಂದು ವೋಲ್ಟಿಗೆ 1000 ಓಮ್ ಎಂದು ಬರೆದಿತ್ತು. 10 ವೋಲ್ಟಿನವರೆಗೆ ಅಳೆಯುವ ಮೀಟರ್. ಅಂದರೆ ಅದರ ರೋಧ 10 ಕಿಲೋ ಓಮ್. ಅದನ್ನು 10 ಕಿಲೋ ಓಮ್ ರೆಸಿಸ್ಟರಿಗೆ ಸಮಾಂತರವಾಗಿ ಇಟ್ಟಾಗ ಎರಡೂ ಸೇರಿ 5 ಕಿಲೋ ಓಮ್ ಆಗುತ್ತವೆ. ಒಟ್ಟು ಹದಿನೈದರಲ್ಲಿ ಐದು ಪಾಲು, ಆರು ವೋಲ್ಟಿನಲ್ಲಿ ಮೂರನೆಯ ಒಂದು ಪಾಲು. ಸರಿಯಾಗಿ 2 ವೋಲ್ಟ್. ಮನಸ್ಸು ಒಪ್ಪದೆ ಅಂದು ಸಂಜೆ ನಾಲ್ಕು ಸೆಲ್‌ಗಳನ್ನೂ ಎರಡು ರೆಸಿಸ್ಟರುಗಳನ್ನೂ ಜೋಡಿಸಿ, ಹಳೆಯ ಮೀಟರಿನ ಬದಲಿಗೆ ಇನ್ನೊಂದು 10 ಕಿಲೋ ಓಮ್ ರೆಸಿಸ್ಟರನ್ನು ಸಮಾಂತರವಾಗಿ ಹಿಡಿದು ಅಳೆದೆ. 2 ವೋಲ್ಟಿನ ಹತ್ತಿರಕ್ಕೇ ಬಂದು ನಿಂತಿತು.

ಆ ಹುಡುಗ ಸರಿಯಾಗಿ ನೋಡಿದ್ದ. ಅದಕ್ಕಿಂತ ನನ್ನನ್ನು ಹೆಚ್ಚು ಚುಚ್ಚುವ ಸಂಗತಿ ಇನ್ನೊಂದಿದೆ. ಆ ಮೀಟರ್ ಆ ಮಂಡಲದಲ್ಲಿ ಯಾರಿಗೂ 3 ತೋರಿಸಿರಲು ಸಾಧ್ಯವಿಲ್ಲ. ಹಾಗಾದರೆ ಉಳಿದವರಿಗೆಲ್ಲ 3 ಎಲ್ಲಿಂದ ಬಂತು? ನಾನು ಕಪ್ಪುಹಲಗೆಯ ಮೇಲೆ ಬರೆದದ್ದರಿಂದ ಬಂತು. ಕಂಡದ್ದನ್ನು ಬಿಟ್ಟು ಕಾಣಬೇಕಾದದ್ದನ್ನು ಬರೆದವರಿಗೆಲ್ಲ ಹತ್ತಕ್ಕೆ ಹತ್ತು ಕೊಟ್ಟೆ. ಕಂಡದ್ದನ್ನು ಬರೆದವನಿಗೆ ನಾಲ್ಕು ಕೊಟ್ಟೆ. ನಾನೇ ಒಮ್ಮೆ ಆ ಮೀಟರನ್ನು ಬಗ್ಗಿ ನೋಡಿದ್ದರೆ ಸಾಕಿತ್ತು. ಉತ್ತರ ನನಗೆ ಮೊದಲೇ ಗೊತ್ತಿದ್ದುದರಿಂದ ನೋಡುವ ಅಗತ್ಯ ಕಾಣಲಿಲ್ಲ. ಮೂರು ದಿನ ನಾಲ್ಕೂವರೆಯನ್ನು ನಂಬಿ ಕುಳಿತದ್ದೂ ಅದೇ ಅಭ್ಯಾಸದಿಂದಲೇ.

ಇಷ್ಟಾದ ಮೇಲೆ ನನ್ನ ಅಭಿಪ್ರಾಯವನ್ನು ಹೇಳುತ್ತೇನೆ. ನಮ್ಮ ಶಾಲೆಗಳಲ್ಲಿ ಪ್ರಯೋಗವೆಂಬ ಹೆಸರಿನಲ್ಲಿ ನಡೆಯುವುದು ಬಹುಮಟ್ಟಿಗೆ ಪ್ರಯೋಗವಲ್ಲ, ಗೊತ್ತಿರುವ ಉತ್ತರದ ಪೂಜೆ. ಉತ್ತರ ಮೊದಲೇ ತಿಳಿದಿರುತ್ತದೆ. ಅಳತೆ ಅದಕ್ಕೆ ಹೊಂದಿದರೆ ಅಂಕ, ಹೊಂದದಿದ್ದರೆ ಗದರಿಕೆ. ಇದರಿಂದ ಮಕ್ಕಳು ಕಲಿಯುವುದು ಒಂದನ್ನೇ: ಕಣ್ಣಿಗಿಂತ ಪುಸ್ತಕ ದೊಡ್ಡದು, ಪುಸ್ತಕಕ್ಕಿಂತ ಅಂಕ ದೊಡ್ಡದು. ಹೊಂದದ ಅಳತೆಯನ್ನು ಗೌರವಿಸಿದವರಿಂದಲೇ ವಿಜ್ಞಾನ ಬೆಳೆದಿದೆ. ಗಾಳಿಯಿಂದ ತೆಗೆದ ಸಾರಜನಕ, ರಾಸಾಯನಿಕಗಳಿಂದ ತಯಾರಿಸಿದ ಸಾರಜನಕಕ್ಕಿಂತ ಶೇಕಡಾ ಅರ್ಧದಷ್ಟು ಹೆಚ್ಚು ತೂಗುವುದನ್ನು ಲಾರ್ಡ್ ರ‍್ಯಾಲಿ ಗಮನಿಸಿದರು. ಅಷ್ಟು ಚಿಕ್ಕ ವ್ಯತ್ಯಾಸವನ್ನು ಅಳತೆಯ ತಪ್ಪೆಂದು ಅಳಿಸಿಹಾಕಬಹುದಿತ್ತು. ಅವರು ಅಳಿಸಲಿಲ್ಲ. ಅದರ ಬೆನ್ನುಹತ್ತಿ ಹೋದದ್ದರಿಂದ 1894ರಲ್ಲಿ ಅವರಿಗೂ ವಿಲಿಯಂ ರ‍್ಯಾಮ್ಸೆಯವರಿಗೂ ಆರ್ಗಾನ್ ಎಂಬ ಹೊಸ ಅನಿಲ ಸಿಕ್ಕಿತು. 1904ರಲ್ಲಿ ಇಬ್ಬರಿಗೂ ನೊಬೆಲ್ ಬಹುಮಾನ ಬಂತು. ನನ್ನ ತರಗತಿಯಲ್ಲಿದ್ದಿದ್ದರೆ ರ‍್ಯಾಲಿಯವರಿಗೂ ನಾನು ಹತ್ತಕ್ಕೆ ನಾಲ್ಕೇ ಕೊಡುತ್ತಿದ್ದೆನೇನೋ.

ಶಿಕ್ಷಕರಾಗಿರುವ ನನ್ನ ಶಿಷ್ಯರು ಇದನ್ನು ಓದಿ, "ಐವತ್ತು ಮಕ್ಕಳು, ಒಂದೇ ಮೀಟರ್, ನಲವತ್ತು ನಿಮಿಷದ ಪೀರಿಯಡ್, ಒಬ್ಬೊಬ್ಬರ ಅಳತೆಯ ಹಿಂದೆ ಓಡಲು ಸಾಧ್ಯವೇ ಸಾರ್?" ಎಂದು ಕೇಳಬಹುದು. ಆ ಕಷ್ಟ ನನಗೆ ಗೊತ್ತು. ನಾನೂ ಪಾಠ ಮುಗಿಸುವ ಆತುರದಲ್ಲೇ ಬದುಕಿದವನು. ಆದರೂ ಎರಡು ಕೆಲಸಗಳಿಗೆ ಹೆಚ್ಚು ಹೊತ್ತೂ ಬೇಡ, ಹಣವೂ ಬೇಡ. ಒಂದು, ಅಂಕವನ್ನು ಹಂಚುವ ರೀತಿ. ಕಂಡ ಅಳತೆಯನ್ನು ಕಂಡಂತೆ ಬರೆದದ್ದಕ್ಕೆ ಅರ್ಧ ಅಂಕ, ಅದು ಏಕೆ ಹಾಗೆ ಬಂದಿರಬಹುದೆಂದು ಯೋಚಿಸಿದ್ದಕ್ಕೆ ಉಳಿದರ್ಧ. ಎರಡು, ವರ್ಷಕ್ಕೆ ಒಂದು ಸಲವಾದರೂ ಬೇಕೆಂದೇ ಕೆಡಿಸಿದ ಮಂಡಲವೊಂದನ್ನು ಮಕ್ಕಳ ಮುಂದಿಟ್ಟು, ದೋಷವನ್ನು ಹುಡುಕಿ ಎನ್ನುವುದು. ಹುಡುಕಲು ಅವರು ಮೊದಲು ಅದು ಹೇಗೆ ನಡೆಯಬೇಕೆಂಬುದನ್ನು ತಿಳಿಯಬೇಕು, ಆಮೇಲೆ ಅದು ನಿಜವಾಗಿ ಹೇಗೆ ನಡೆಯುತ್ತಿದೆಯೆಂದು ನೋಡಬೇಕು.

ಮನೆಯ ಹಿರಿಯರಿಗೂ ಒಂದು ಮಾತು. ಅಂಗಡಿಯ ಪ್ರಿಯಾಂಪನ್ನು ಕೊಳ್ಳಬೇಡಿ ಎಂದು ನಾನು ಹೇಳುವುದಿಲ್ಲ. ನಾಳೆಯೇ ವೇದಿಕೆ ಏರಬೇಕಾದವನು ಅದನ್ನು ಕೊಳ್ಳುವುದೇ ಜಾಣತನ. ನನ್ನ ಕಾಫಿ ಡಬ್ಬಕ್ಕಿಂತ ಅದು ನೋಡಲೂ ಚೆನ್ನಾಗಿರುತ್ತದೆ. ಮಂಡಲದ ನಕ್ಷೆಗಳೂ ಮಾಡಿತೋರಿಸುವ ವೀಡಿಯೊಗಳೂ ಈಗ ಫೋನಿನಲ್ಲಿ ಬೇಕಾದಷ್ಟು ಸಿಗುತ್ತವೆ, ನಾನೂ ನೋಡಿದೆ. ಆದರೆ ನಾನು ಅದಲುಬದಲಾಗಿ ಬೆಸೆದ ಆ ಎರಡು ರೆಸಿಸ್ಟರುಗಳು ಯಾವ ನಕ್ಷೆಯಲ್ಲೂ ಇರಲಿಲ್ಲ. ನಮ್ಮ ತಪ್ಪನ್ನು ನಾವೇ ಹುಡುಕಬೇಕು. ಮಗು ಏನನ್ನಾದರೂ ಮಾಡಿ, ಅದು ಕೆಟ್ಟು, ಮುಖ ಸಪ್ಪೆ ಮಾಡಿಕೊಂಡು ಕುಳಿತಾಗ ಹೊಸದನ್ನು ತಂದುಕೊಡಲು ಓಡಬೇಡಿ. ಪಕ್ಕದಲ್ಲಿ ಕುಳಿತು, "ನಿನಗೇನು ಕಾಣಿಸುತ್ತಿದೆ?" ಎಂದು ಕೇಳಿ. ನನ್ನ ಮೀಟರಿಗೆ ಸಿಗದ ದೋಷ ಹುಡುಗನ ಕಿವಿಗೆ ಮೊದಲ ದಿನವೇ ಸಿಕ್ಕಿತ್ತು. ಕೇಳುವ ವ್ಯವಧಾನ ನನಗಿರಲಿಲ್ಲ.

ಕಾಲೇಜಿನ ಕಾರ್ಯಕ್ರಮ ಚೆನ್ನಾಗಿ ಆಯಿತಂತೆ. ಕಾಫಿ ಡಬ್ಬವನ್ನು ನೋಡಿ ಗೆಳೆಯರು ನಕ್ಕರಂತೆ, ದನಿ ಕೇಳಿದ ಮೇಲೆ ಸುಮ್ಮನಾದರಂತೆ. ಇದು ಮೊಮ್ಮಗ ಕೊಟ್ಟ ವರದಿ. ಅದರಲ್ಲಿ ತಾತನ ಮೇಲಣ ಪ್ರೀತಿಯೂ ಸ್ವಲ್ಪ ಸೇರಿರಬಹುದು.

ಇನ್ನು 1984ರ ಆ ಶಿಷ್ಯನಿಗೆ. ನಿನ್ನ ಹೆಸರು ನನಗೆ ನೆನಪಿದೆ. ಇಲ್ಲಿ ಬರೆಯುವುದು ಸರಿಯಲ್ಲ. ಈಗ ನಿನಗೂ ಐವತ್ತು ದಾಟಿರಬೇಕು. ನೀನು ಎಲ್ಲಿದ್ದೀಯೋ, ಈ ಪುಟವನ್ನು ನೋಡುತ್ತೀಯೋ ಇಲ್ಲವೋ ತಿಳಿಯದು. ನೋಡಿದರೆ, ನಿನ್ನ ಪ್ರಶ್ನೆಗೆ ಉತ್ತರ ಇಲ್ಲಿದೆಯಪ್ಪ. ಆ ಎರಡು ವೋಲ್ಟ್ ಎಲ್ಲಿಗೂ ಹೋಗಿರಲಿಲ್ಲ. ನಾವು ಅಳೆಯಲು ಹೋದದ್ದರಿಂದಲೇ ಪಾಲು ಬದಲಾಗಿತ್ತು; ಮೀಟರನ್ನು ಇಟ್ಟ ಕಡೆ 2, ಇಡದ ಕಡೆ 4. ನಿನ್ನ ಅಳತೆ ಸರಿಯಾಗಿತ್ತು, ಪ್ರಶ್ನೆ ಅದಕ್ಕಿಂತ ಸರಿಯಾಗಿತ್ತು. ತರಗತಿಯ ಮುಂದೆ ನಿನ್ನನ್ನು ನೋಡಿ ನಕ್ಕದ್ದಕ್ಕೆ, ಅದೇ ತರಗತಿಯವರು ಓದುವ ಈ ಪುಟದಲ್ಲಿ ಕ್ಷಮೆ ಕೇಳುತ್ತಿದ್ದೇನೆ. ಬಾಕಿ ಉಳಿದ ಆರು ಅಂಕಗಳನ್ನು ಇಂದು ಕೊಟ್ಟಿದ್ದೇನೆ. ತಡವಾಯಿತು.

ನಿಮ್ಮಲ್ಲಿ ಯಾರಿಗಾದರೂ ಅವನ ವಿಳಾಸ ಗೊತ್ತಿದ್ದರೆ ದಯವಿಟ್ಟು ಇದನ್ನು ಅವನಿಗೆ ತಲುಪಿಸಿ. ಅಂದು 3, 3 ಎಂದು ಬರೆದು ಹತ್ತಕ್ಕೆ ಹತ್ತು ಪಡೆದವರು ನಾಚಿಕೊಳ್ಳಬೇಕಾಗಿಲ್ಲ. ಹಾಗೆ ಬರೆಯಲು ಕಲಿಸಿದವನು ನಾನೇ.